ಒಂದೇ ಗುಂಡಿಯ ಆಟಕ್ಕೆ ಹತ್ತು ವರ್ಷದ ಕಾಯುವಿಕೆ

2025ರ ಮಾರ್ಚ್ 27ರ ಸಂಜೆ. ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿ ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಯ ದಾರಿ ನೋಡುತ್ತಿದ್ದ ಹೊತ್ತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನ್ ಮಾಡಿ, "ಮಾವ, ಬಂತು!" ಅಂದ. ಅಲ್ಲಿ ಮಳೆ ಬಂತೇನೋ ಎಂದುಕೊಂಡೆ. ಬಂದಿದ್ದು ವಿಡಿಯೊ ಗೇಮ್ ಮಾಡುವ ಜಪಾನಿನ ನಿಂಟೆಂಡೊ ಕಂಪನಿಯ ಘೋಷಣೆ. 'ರಿದಮ್ ಹೆವನ್' ಸರಣಿಯ ಹೊಸ ಆಟ, ಹೆಸರು 'ರಿದಮ್ ಹೆವನ್ ಗ್ರೂವ್', ಅವರದೇ ಸ್ವಿಚ್ ಎಂಬ ಆಟದ ಯಂತ್ರಕ್ಕೆ, 2026ರಲ್ಲಿ. ಅದರ ಹಿಂದಿನ ಆಟ ಜಪಾನಿನಲ್ಲಿ ಬಿಡುಗಡೆಯಾಗಿದ್ದು 2015ರ ಜೂನ್‌ನಲ್ಲಿ. ಆಗ ಇವನು ಏಳನೇ ಕ್ಲಾಸು. ಈಗ ಸಂಬಳ ಎಣಿಸುತ್ತಾನೆ.

ಆಟ ಎಂಥದ್ದು ಎಂದು ಹೇಳಿದರೆ ನಗುತ್ತೀರಿ. ಮುಖವಿರುವ ತರಕಾರಿಯೊಂದರ ಮೇಲೆ ತಾಳಕ್ಕೆ ಸರಿಯಾಗಿ ಕೂದಲು ಮೊಳೆಯುತ್ತವೆ, ನೀವು ಅದೇ ತಾಳದಲ್ಲಿ ಚಿಮಟದಿಂದ ಕೀಳಬೇಕು. ಹಾರಿ ಬರುವ ಹೂಕುಂಡಕ್ಕೆ ಕರಾಟೆಯವನು ಗುದ್ದಬೇಕು. ಹೆಚ್ಚಿನ ಕಡೆ ಬೇಕಾದದ್ದು ಒಂದೇ ಗುಂಡಿ. ಮೊದಲು ಆಟ ಒಂದು ಸೂಚನೆ ಕೊಡುತ್ತದೆ, ನೀವು ಉತ್ತರ ಕೊಡುತ್ತೀರಿ. ಕಣ್ಣನ್ನು ನಂಬಿದವರು ಕೆಡುತ್ತಾರೆ. ಕೆಲವು ಹಂತಗಳಲ್ಲಿ ಬೇಕೆಂದೇ ಚಿತ್ರವನ್ನು ಮರೆಮಾಡಿ, ಬರೀ ಕಿವಿಯ ಮೇಲೆ ಬಿಟ್ಟುಬಿಡುತ್ತಾರೆ.

ಸಂಗೀತದ ವಿಡಿಯೊ ಗೇಮ್‌ಗಳ ಚರಿತ್ರೆ ಇದಕ್ಕಿಂತ ಹತ್ತು ವರ್ಷ ಹಳೆಯದು. 1996ರಲ್ಲಿ ಸೋನಿಯ ಪ್ಲೇಸ್ಟೇಷನ್ ಯಂತ್ರಕ್ಕೆ ಬಂದ 'ಪರಪ್ಪ ದಿ ರ್‍ಯಾಪರ್' ಈ ಜಾತಿಗೆ ಮೂಲಪುರುಷ ಎನ್ನಬಹುದು. (ಹೆಸರು ನಮ್ಮ ಕಡೆಯ ಯಾರೋ ಗೌಡರದ್ದಿರಬೇಕು ಅನ್ನಿಸಿದರೂ ಅವನು ಕಾಗದದಷ್ಟು ತೆಳ್ಳಗಿನ ಒಂದು ನಾಯಿ.) ಮರುವರ್ಷ ಕೊನಾಮಿ ಕಂಪನಿಯ 'ಬೀಟ್‌ಮೇನಿಯಾ', 1998ರಲ್ಲಿ ಕಾಲಿನಿಂದ ಆಡುವ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್', 2001ರಲ್ಲಿ ದೊಡ್ಡ ಡೋಲು ಬಡಿಯುವ 'ತೈಕೊ ನೊ ತತ್ಸುಜಿನ್'. ಎಲ್ಲವೂ ಜಪಾನಿನವು.

ರಿದಮ್ ಹೆವನ್ ಹುಟ್ಟಿದ್ದು ಹಾಡುಗಾರನೊಬ್ಬನ ಹಟದಿಂದ. ಷರಾನ್ ಕ್ಯೂ ಎಂಬ ರಾಕ್ ತಂಡದ ಗಾಯಕ, ಮಾರ್ನಿಂಗ್ ಮುಸುಮೆ ಎಂಬ ಹುಡುಗಿಯರ ತಂಡದ ನಿರ್ಮಾಪಕ ತ್ಸುಂಕು ಈ ಯೋಚನೆಯನ್ನು ತಾನೇ ನಿಂಟೆಂಡೊ ಬಾಗಿಲಿಗೆ ಒಯ್ದ. ತಾಳ ಮೈಗೆ ಹತ್ತಲಿ ಎಂದು ಆಟ ತಯಾರಿಸುವ ಎಂಜಿನಿಯರುಗಳನ್ನು ನೃತ್ಯದ ತರಗತಿಗೂ ಕಳಿಸಿದರು. ಮೊದಲ ಆಟ 2006ರಲ್ಲಿ ನಿಂಟೆಂಡೊದ ಗೇಮ್‌ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ, ಜಪಾನಿನಲ್ಲಿ ಮಾತ್ರ ಬಂತು. ಎರಡನೆಯದು 2008ರಲ್ಲಿ ಡಿಎಸ್ ಎಂಬ ಮಡಚುವ ಪುಟ್ಟ ಯಂತ್ರಕ್ಕೆ. ದುಬೈಯಲ್ಲಿದ್ದ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ ನಮ್ಮ ಮನೆ ತಲುಪಿದ್ದು ಇದೇ. ಕೊಡಗಿನ ಅಂಗಡಿಯಲ್ಲಿ ನಿಂಟೆಂಡೊ ಹುಡುಕಿದರೆ ಸಿಗುವಂಥದ್ದಲ್ಲ, ವಿದೇಶದಿಂದ ಬರುವ ನೆಂಟರೇ ನಮಗೆ ಅಂಗಡಿ. ಈ ಎರಡನೆಯ ಆಟದಲ್ಲಿ ಪರದೆಯನ್ನು ಕಡ್ಡಿಯಿಂದ ಚಿಮ್ಮಬೇಕಿತ್ತು. ಸರಿಯಾಗಿ ಚಿಮ್ಮಿದರೂ ಒಮ್ಮೊಮ್ಮೆ ಲೆಕ್ಕಕ್ಕೆ ಬರುತ್ತಿರಲಿಲ್ಲ. 2011ರಲ್ಲಿ ವೀ ಯಂತ್ರಕ್ಕೆ ಬಂದ ಮೂರನೆಯದು ಮತ್ತೆ ಗುಂಡಿಗೇ ಮರಳಿತು.

2015ರ 'ಮೆಗಾಮಿಕ್ಸ್' ನಾಲ್ಕನೆಯದು. ಅದರಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಆಟಗಳಿದ್ದವು, ಆದರೆ ಎಪ್ಪತ್ತಕ್ಕೂ ಹೆಚ್ಚು ಹಳೆಯ ಭಾಗಗಳಿಂದ ತಂದವು. ಹಾಗೆ ನೋಡಿದರೆ ಪೂರ್ತಿ ಹೊಸ ಆಟ ಬಂದು ಹತ್ತಲ್ಲ, ಹದಿನಾಲ್ಕು ವರ್ಷವೇ ಆಗಿತ್ತು. ಅದೇ 2015ರ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. ಗಂಟಲಿನ ಕ್ಯಾನ್ಸರ್‌ನಿಂದ ತ್ಸುಂಕು ತನ್ನ ಧ್ವನಿಪೆಟ್ಟಿಗೆ ಕಳೆದುಕೊಂಡಿದ್ದ. ವಿಶ್ವವಿದ್ಯಾಲಯವೊಂದರ ಪ್ರವೇಶ ಸಮಾರಂಭದಲ್ಲಿ ಅವನು ಅದನ್ನು ತಿಳಿಸಿದ್ದು ಪರದೆಯ ಮೇಲೆ ಅಕ್ಷರಗಳ ಮೂಲಕ. ಆಮೇಲಿನ ವರ್ಷಗಳಲ್ಲಿ ಸ್ವಿಚ್ ಬಂತು, ನಿಂಟೆಂಡೊದ ಬೇರೆ ಎಷ್ಟೋ ಸರಣಿಗಳು ಅದಕ್ಕೆ ಹತ್ತಿದವು, ಇದೊಂದು ಬರಲಿಲ್ಲ. ಇನ್ನು ಇದು ಮುಗಿದ ಕತೆ ಎಂದೇ ಬಹಳ ಜನ ಕೈಬಿಟ್ಟಿದ್ದರು.

ಅತ್ತ ಅಮೆರಿಕದಲ್ಲಿ ನಡೆದದ್ದು ಪೂರಾ ಉಲ್ಟಾ. 2005ರಲ್ಲಿ ಹಾರ್ಮೋನಿಕ್ಸ್ ಮತ್ತು ರೆಡ್‌ಆಕ್ಟೇನ್ ಕಂಪನಿಗಳು ಪ್ಲಾಸ್ಟಿಕ್ ಗಿಟಾರ್ ಸಮೇತ 'ಗಿಟಾರ್ ಹೀರೊ' ಬಿಟ್ಟವು. ಎರಡನೇ ಭಾಗಕ್ಕೆ ಒಂದೇ ವರ್ಷ ಕಾಯಬೇಕಾಯಿತು, ಜನ ಮುಗಿಬಿದ್ದರು. ಅಷ್ಟರಲ್ಲಿ ರೆಡ್‌ಆಕ್ಟೇನ್ ಆ್ಯಕ್ಟಿವಿಷನ್ ಎಂಬ ದೊಡ್ಡ ಗೇಮ್ ಕಂಪನಿಯ ಪಾಲಾಯಿತು, ಹಾರ್ಮೋನಿಕ್ಸ್ ಸಂಗೀತದ ಟಿವಿ ಚಾನೆಲ್ ಎಂಟಿವಿಯ ಪಾಲಾಗಿ 2007ರಲ್ಲಿ 'ರಾಕ್ ಬ್ಯಾಂಡ್' ಎಂಬ ಎದುರಾಳಿಯನ್ನು ಕಟ್ಟಿತು. ಅಲ್ಲಿಂದ ಹಿಡಿತ ತಪ್ಪಿತು. 2009 ಒಂದೇ ವರ್ಷದಲ್ಲಿ ಗಿಟಾರ್ ಹೀರೊ ಬಳಗದಿಂದ ಐದಾರು ಆಟಗಳು. ಹಲವು ಪೆಟ್ಟಿಗೆಗಳಲ್ಲಿ ಇನ್ನೊಂದು ಪ್ಲಾಸ್ಟಿಕ್ ವಾದ್ಯ, ಇಡಲು ಅಟ್ಟದಲ್ಲಿ ಜಾಗವಿಲ್ಲ. 2011ರ ಫೆಬ್ರವರಿಯಲ್ಲಿ ಆ್ಯಕ್ಟಿವಿಷನ್ ಆ ವಿಭಾಗವನ್ನೇ ಮುಚ್ಚಿತು. 2015ರಲ್ಲಿ ಎರಡೂ ಸರಣಿಗಳು ಒಂದೇ ತಿಂಗಳಲ್ಲಿ ಮತ್ತೆ ತಲೆಯೆತ್ತಿ ನೋಡಿದವು, ಹಳೆಯ ಜೋರು ಬರಲಿಲ್ಲ. ಒಳ್ಳೆಯ ಬೆಲೆ ಸಿಕ್ಕ ವರ್ಷ ಗದ್ದೆಗೆಲ್ಲ ಶುಂಠಿ ಹಾಕಿ ಕೈಸುಟ್ಟುಕೊಂಡವರನ್ನು ನೋಡಿರುವ ನಮಗೆ ಇದು ಅರ್ಥವಾಗದ ವ್ಯಾಪಾರವೇನಲ್ಲ.

ಈ ಆಟಗಳಿಗೆ ಇನ್ನೊಂದು ತಡದ ಕಾಟವಿದೆ, ಅದು ಮಿಲಿಸೆಕೆಂಡಿನದು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಚಿತ್ರ ತಕ್ಷಣ ಮೂಡುತ್ತಿತ್ತು. ಈಗಿನ ಚಪ್ಪಟೆ ಟಿವಿ ಬಂದ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಹತ್ತಾರು ಮಿಲಿಸೆಕೆಂಡ್ ತಿನ್ನುತ್ತದೆ. ಬ್ಲೂಟೂತ್ ಇಯರ್‌ಫೋನ್ ನೂರಿನ್ನೂರು ತಿಂದರೂ ಆಶ್ಚರ್ಯವಿಲ್ಲ. ಸಿನಿಮಾ ನೋಡುವಾಗ ಟಿವಿಯ ಈ ಆಲಸ್ಯ ಯಾರಿಗೂ ಗೊತ್ತಾಗುವುದಿಲ್ಲ. ನಿಮಿಷಕ್ಕೆ 120 ಪೆಟ್ಟು ಬೀಳುವ ಹಾಡಿನಲ್ಲಿ ಎರಡು ಪೆಟ್ಟಿನ ನಡುವೆ ಇರುವುದೇ 500 ಮಿಲಿಸೆಕೆಂಡ್. ಅದರಲ್ಲಿ ನೂರು ಹೋದರೆ ಎಷ್ಟು ಚೆನ್ನಾಗಿ ಒತ್ತಿದರೂ ನೀವು ತಪ್ಪೇ. ಅದಕ್ಕೇ ಇಂಥ ಹಲವು ಆಟಗಳಲ್ಲಿ ಶುರುವಿಗೇ ಶ್ರುತಿ ಸೇರಿಸಿದ ಹಾಗೆ ತಡವನ್ನು ಅಳೆದು ಹೊಂದಿಸುವ ಏರ್ಪಾಡು ಇರುತ್ತದೆ. ಹಳೆಯ ಡಿಎಸ್‌ಗೆ ಈ ರಗಳೆಯಿಲ್ಲ. ಪರದೆ, ಸ್ಪೀಕರ್, ಗುಂಡಿ ಎಲ್ಲವೂ ಒಂದೇ ಡಬ್ಬಿಯಲ್ಲಿ.

ಕಳೆದ ಹುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಹುಡುಗ ಮನೆಗೆ ಬಂದವನು ಆ ಡಿಎಸ್ ಹುಡುಕಿ ತೆಗೆದ. ಕೀಲು ಮುರಿದಿತ್ತು, ಟೇಪು ಸುತ್ತಿದ. ಊರ ಬಯಲಾದ ಮಂದ್‌ನಲ್ಲಿ ಕೋಲಾಟ ಮುಗಿಸಿ ಬಂದ ರಾತ್ರಿ ಒಬ್ಬೊಬ್ಬರ ಕೈಗೂ ಕೊಟ್ಟು ಆಡಿಸಿದ. ವಾಲಗದ ವೇಗ ಏರಿದಂತೆ ಕೋಲಿನ ಏಟನ್ನೂ ಏರಿಸಿ, ಒಂದೂ ತಪ್ಪದೆ ಸುತ್ತು ಹಾಕಿ ಬಂದವರೆಲ್ಲ ಇಲ್ಲಿ ಸಾಲಾಗಿ 'ಇನ್ನೊಮ್ಮೆ ಪ್ರಯತ್ನಿಸಿ' ಎನ್ನಿಸಿಕೊಂಡರು, ನಾನೂ ಸೇರಿ. ಕನ್ನಡಕ ಹುಡುಕುವ ಗೋಜಿಗೆ ಹೋಗದೆ, ಡಬ್ಬಿಯನ್ನು ಕಿವಿಗೆ ಹಿಡಿದು ಆಡಿದ ಅಮ್ಮ ಮಾತ್ರ ಪಾಸಾದರು. "ಇದು ಯಾರಿಗೂ ಕಾಯುವುದಿಲ್ಲ. ವಾಲಗದವರಾದರೆ ನಮ್ಮ ಕಾಲು ನೋಡಿ ಬಾರಿಸುತ್ತಾರೆ," ಅಂದರು. ಹದಿನೈದಕ್ಕೂ ಹೆಚ್ಚು ವರ್ಷದ ಹಿಂದಿನ ಈ ಆಟದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದೇ.

ಮರುದಿನ ಹೊಸ ಟಿವಿ ನೋಡಲು ಮಡಿಕೇರಿಗೆ ಹೋದೆವು. ಎಷ್ಟು ಇಂಚಿನದು ಬೇಕು ಎಂದು ಅಂಗಡಿಯವರು ಕೇಳಿದರು. ಇವನು, "ಅದಿರಲಿ ಅಣ್ಣ, ಗೇಮ್ ಮೋಡ್‌ನಲ್ಲಿ ತಡ ಎಷ್ಟು ಮಿಲಿಸೆಕೆಂಡ್?" ಎಂದ. ಅಂಗಡಿಯವರು ನನ್ನ ಮುಖ ನೋಡಿದರು. "ನೆಂಟರು ಯಂತ್ರ ತರುವುದಿನ್ನೂ ಬಾಕಿ ಇದೆ, ಆಮೇಲೆ ಬರುತ್ತೇವೆ," ಎಂದು ಹೇಳಿ ಹೊರಟು ಬಂದೆವು.