ನೇರ ದಾರಿ ಬೇರೆ, ಬೇಗದ ದಾರಿ ಬೇರೆ

ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೊರಟಿದ್ದ ಹಿರಿಯರೊಬ್ಬರು ಟಿಕೆಟ್ ಹಿಡಿದು ಬಂದರು. ‘ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 14,000 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900. ಹದಿನೈದೂವರೆ ಗಂಟೆ ಸಾಕಲ್ಲ, ಇಲ್ಲಿ ಹದಿನಾರೂವರೆ ಏಕಿದೆ?’ ವಿಮಾನಗಳಿಗೆ ದಾರಿ, ಇಂಧನ ಗೊತ್ತುಮಾಡಿಕೊಡುವ ಡಿಸ್ಪ್ಯಾಚರ್ ಕೆಲಸ ನನ್ನದು. ಅವರ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಆ 14,000 ಎಂಬುದು ಗೋಳದ ಮೇಲೆ ದಾರ ಎಳೆದು ಅಳೆದ ದೂರ.

ಮನೆಯಲ್ಲಿ ಗೋಳವಿದ್ದರೆ ನೀವೂ ಎಳೆದು ನೋಡಿ. ದಾರ ಬೆಂಗಳೂರಿನಿಂದ ಪೂರ್ವಕ್ಕಲ್ಲ, ಬಹುತೇಕ ಉತ್ತರಕ್ಕೇ ಏರುತ್ತದೆ. ನೇಪಾಳ, ಟಿಬೆಟ್ ದಾಟಿ, ಸೈಬೀರಿಯಾದ ತುದಿ ಮುಟ್ಟಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ನಮಗೆ ಮೊದಲ ತೊಡಕೇ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಸುತ್ತಿ ಹೋಗುತ್ತೇವೆ.

ಆಮೇಲೆ ಗಾಳಿ. ಚಳಿಗಾಲದಲ್ಲಿ ಪೆಸಿಫಿಕ್ ಮೇಲೆ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿ ಬೀಸುವ ಜೆಟ್ ಸ್ಟ್ರೀಮ್ ಇದೆ. ದಾರಿಯುದ್ದಕ್ಕೂ ಸರಾಸರಿ 100 ಕಿಲೋಮೀಟರಿನ ಹಿಂಗಾಳಿ ಸಿಕ್ಕರೂ 15,000 ಕಿಲೋಮೀಟರ್ ಹದಿನೈದೇ ಗಂಟೆಯಲ್ಲಿ ಮುಗಿಯುತ್ತದೆ. ಸಾವಿರ ಕಿಲೋಮೀಟರ್ ಹೆಚ್ಚು ಹಾರಿ ಅರ್ಧ ಗಂಟೆ ಮೊದಲೇ ತಲುಪಿದ ಹಾಗಾಯಿತು! ಈ ಕೆಲಸದಲ್ಲಿ ನನಗೆ ಇಂದಿಗೂ ಖುಷಿ ಕೊಡುವ ಲೆಕ್ಕ ಇದೇ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಭೂಮಿಯ ಜೊತೆಗೆ ವಾತಾವರಣವೂ ತಿರುಗುತ್ತದೆ. ವ್ಯತ್ಯಾಸ ಬರುವುದು ಗಾಳಿಯಿಂದ.

ಹಿಂತಿರುಗುವಾಗ ಅದೇ ಗಾಳಿ ಎದುರಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗ ಆರಂಭಿಸಿದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಕೆಂಪೇಗೌಡ ನಿಲ್ದಾಣಕ್ಕೆ ಬಂದಿಳಿಯಿತು. ಧ್ರುವ ಮುಟ್ಟಿ ಬಂದರೂ ದಾರದ ಅಳತೆಗಿಂತ ಹೆಚ್ಚುವುದು ಸುಮಾರು 400 ಕಿಲೋಮೀಟರ್ ಅಷ್ಟೇ. ಆದರೆ ಅಲ್ಲಿನ ಚಳಿ ಘೋರ. ಅಮೆರಿಕದಲ್ಲಿ ತುಂಬುವ ಜೆಟ್ ಎ ಇಂಧನ ಹೆಪ್ಪುಗಟ್ಟದೆ ಇರುವ ಖಾತರಿ ಮೈನಸ್ 40 ಡಿಗ್ರಿಯವರೆಗೆ ಮಾತ್ರ. ಟ್ಯಾಂಕಿನ ಉಷ್ಣಾಂಶ ಅದರ ಸನಿಹಕ್ಕೆ ಬಂದರೆ ಕೆಳಗಿಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು.

ಟಿಕೆಟ್ಟಿನಲ್ಲಿರುವ ಹೊತ್ತು ಆಕಾಶದಲ್ಲಿ ಕಳೆಯುವ ಹೊತ್ತಷ್ಟೇ ಅಲ್ಲ. ಗೇಟಿನಿಂದ ವಿಮಾನ ಹಿಂದೆ ಸರಿದಲ್ಲಿಂದ ಆಚೆಯ ಗೇಟಿನಲ್ಲಿ ನಿಲ್ಲುವವರೆಗೆ ಎಲ್ಲವೂ ಸೇರಿರುತ್ತದೆ.

ಹಿರಿಯರಿಗೆ ಇನ್ನೊಂದು ಲೆಕ್ಕವನ್ನು ಟಿಕೆಟ್ಟಿನ ಹಿಂಬದಿಯಲ್ಲೇ ಬರೆದುಕೊಟ್ಟೆ. ಚಳಿಗಾಲದಲ್ಲಿ ಆ ಊರಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯಲ್ಲಿ ಇಲ್ಲಿಂದ ಮಧ್ಯಾಹ್ನ ಎರಡಕ್ಕೆ ಹೊರಟರೆ ಹದಿನಾರೂವರೆ ಗಂಟೆ ಕುಳಿತು ಅದೇ ದಿನ ಸಂಜೆ ಐದಕ್ಕೆ ಇಳಿಯುತ್ತೀರಿ. ಬರುವಾಗ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಭಾನುವಾರ ಬೆಳಗಿನ ಜಾವ ನಾಲ್ಕು. ‘ಕರೆದೊಯ್ಯಲು ತಮ್ಮ ಹಾಸನದಿಂದ ಶನಿವಾರವೇ ಬರುತ್ತೇನೆ ಎಂದಿದ್ದಾನೆ’ ಎನ್ನುತ್ತಾ ಅವರು ಅಲ್ಲೇ ಫೋನ್ ಕೈಗೆತ್ತಿಕೊಂಡರು.