ಅಲಾಸ್ಕಾದ ಮೀನು ತ್ಯಾಜ್ಯ: 1975ರ ನಿಯಮ ಏಕೆ ಬದಲಾಗಲಿಲ್ಲ?

ಅಲಾಸ್ಕಾದಲ್ಲಿ ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು 1878ರಲ್ಲಿ ಆರಂಭವಾದವು. ನೀರಿನ ಅಂಚಿನಲ್ಲಿ ಕಂಬಗಳ ಮೇಲೆ ನಿಂತಿದ್ದ ಆ ಕಟ್ಟಡಗಳಿಂದ ತಲೆ, ಕರುಳು, ಕಿವಿರು, ಮುಳ್ಳುಗಳನ್ನು ಕೆಳಗಿನ ನೀರಿಗೆ ತಳ್ಳುವುದೇ ದಶಕಗಳ ಕಾಲ ರೂಢಿಯಾಗಿತ್ತು. ಸಮುದ್ರದಿಂದ ಬಂದದ್ದು ಸಮುದ್ರಕ್ಕೇ ಮರಳಿದರೆ ತಪ್ಪೇನು ಎಂಬ ವಾದ ಇಂದಿಗೂ ಕೇಳಿಬರುತ್ತದೆ. ಆದರೆ ವಿಶಾಲ ಕಡಲಿನಲ್ಲಿ ಅಲ್ಲಲ್ಲಿ ಸತ್ತು ಬೀಳುವ ಮೀನು ಇತರ ಜೀವಿಗಳಿಗೆ ಆಹಾರವಾಗುವುದು ಬೇರೆ, ಒಂದೇ ಕೊಲ್ಲಿಯಲ್ಲಿ ಒಂದೇ ಕೊಳವೆಯಿಂದ ಅಪಾರ ತ್ಯಾಜ್ಯ ಸುರಿಯುವುದು ಬೇರೆ. ಹಾಗೆ ಬಿದ್ದ ರಾಶಿ ಕೊಳೆಯುತ್ತ ತಳದ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ಮತ್ತು ಅಮೋನಿಯಗಳನ್ನು ಬಿಡುತ್ತದೆ, ತಳದಲ್ಲಿ ಬದುಕುವ ಹುಳುಗಳನ್ನೂ ಚಿಪ್ಪುಜೀವಿಗಳನ್ನೂ ಹೂತುಹಾಕುತ್ತದೆ.

ಅಮೆರಿಕದ ಸಂಸತ್ತು 1972ರಲ್ಲಿ ಶುದ್ಧ ಜಲ ಕಾಯ್ದೆಯನ್ನು ಅಂಗೀಕರಿಸಿದ ಬಳಿಕ, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 1974 ಮತ್ತು 1975ರಲ್ಲಿ ಎರಡು ಹಂತಗಳಲ್ಲಿ ಮೀನು ಸಂಸ್ಕರಣಾ ಘಟಕಗಳಿಗೆ ರಾಷ್ಟ್ರಮಟ್ಟದ ಮಿತಿಗಳನ್ನು ಗೊತ್ತುಪಡಿಸಿ, ಇಡೀ ಉದ್ಯಮವನ್ನು 33 ಉಪವರ್ಗಗಳಾಗಿ ವಿಂಗಡಿಸಿತು. ಅಲಾಸ್ಕಾಕ್ಕೆ ಮಾತ್ರ ಎರಡು ಬಗೆಯ ಅಳತೆ ಬಂತು. ಆಂಕರೇಜ್, ಕಾರ್ಡೋವಾ, ಜೂನೋ, ಕೆಚಿಕನ್, ಕೊಡಿಯಾಕ್, ಪೀಟರ್ಸ್‌ಬರ್ಗ್‌ನಂಥ ಕೇಂದ್ರಗಳ ಘಟಕಗಳು ಜರಡಿಯಿಂದ ಘನತ್ಯಾಜ್ಯವನ್ನು ಬೇರ್ಪಡಿಸಿದರೆ ಸಾಧಿಸಬಹುದಾದ ಮಿತಿಗೆ ಒಳಪಟ್ಟವು. ಉಳಿದ ದೂರಪ್ರದೇಶದ ಘಟಕಗಳಿಗೆ ವಿಧಿಸಿದ್ದು ಒಂದೇ ಷರತ್ತು: ಹೊರಬಿಡುವ ಯಾವ ತುಣುಕೂ ಯಾವ ದಿಕ್ಕಿನಿಂದ ಅಳೆದರೂ ಅರ್ಧ ಇಂಚನ್ನು, ಅಂದರೆ 1.27 ಸೆಂಟಿಮೀಟರನ್ನು, ಮೀರಬಾರದು.

ನನ್ನ ದೃಷ್ಟಿಯಲ್ಲಿ ಮುಂದಿನ ತೊಡಕುಗಳ ಬೇರು ಇಲ್ಲಿದೆ. ಆ ಷರತ್ತನ್ನು ಪಾಲಿಸಲು ತ್ಯಾಜ್ಯವನ್ನು ರುಬ್ಬಿ ನೀರಿಗೆ ಬಿಟ್ಟರೆ ಸಾಕು; ಆದರೆ ರುಬ್ಬುವುದರಿಂದ ಅದರ ತೂಕ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ. ಪ್ರವಾಹ ಬಲವಾಗಿರುವಲ್ಲಿ ಸಣ್ಣ ತುಣುಕುಗಳು ಚದುರಿಹೋಗಬಹುದು, ಆದರೆ ನೀರು ನಿಧಾನವಾಗಿ ಬದಲಾಗುವ ಕೊಲ್ಲಿಗಳಲ್ಲಿ ಅವು ಅಲ್ಲೇ ಕೂತು ರಾಶಿಯಾಗುತ್ತವೆ. ನಿಯಮ ತುಣುಕಿನ ಗಾತ್ರವನ್ನು ಅಳೆಯಿತೇ ಹೊರತು ಎಷ್ಟು ಬೀಳುತ್ತದೆ, ಎಲ್ಲಿ ಬೀಳುತ್ತದೆ ಎಂಬುದನ್ನು ಅಳೆಯಲಿಲ್ಲ.

ಹೆಚ್ಚು ಬಿಗಿಯಾಗಿದ್ದ ನಗರಕೇಂದ್ರಗಳ ಮಿತಿಯೂ ಬಹುಕಾಲ ನಿಲ್ಲಲಿಲ್ಲ. ಜರಡಿಯಲ್ಲಿ ಉಳಿದದ್ದನ್ನು ಸಾಗಿಸುವ ವೆಚ್ಚ ಭರಿಸಲಾಗದು ಎಂದು ಉದ್ಯಮದವರು ಸಲ್ಲಿಸಿದ ಮನವಿಯ ಮೇರೆಗೆ, 1980ರಲ್ಲಿ ಕೊಡಿಯಾಕ್ ಬಿಟ್ಟು ಉಳಿದ ಐದು ಕೇಂದ್ರಗಳಿಗೆ ಆ ಮಿತಿಯನ್ನು ತಡೆಹಿಡಿಯಲಾಯಿತು. ಮರುವರ್ಷ ತಿದ್ದುಪಡಿಯ ಪ್ರಸ್ತಾವ ಬಂತು, ಅಂತಿಮಗೊಳ್ಳಲಿಲ್ಲ. ತಾತ್ಕಾಲಿಕವೆಂದು ಆರಂಭವಾದ ಏರ್ಪಾಡು ಹೀಗೆ ದಶಕಗಳ ಕಾಲ ಮುಂದುವರಿಯಿತು.

ನಡುವೆ ಪರವಾನಗಿಗಳ ಮೂಲಕ ಮತ್ತೊಂದು ಅಂಕುಶ ಬಂತು: ಸಮುದ್ರತಳದ ರಾಶಿ ಸಾಮಾನ್ಯವಾಗಿ ಒಂದು ಎಕರೆಯನ್ನು ಮೀರಬಾರದು. ಈ ಮಿತಿಗೆ ಎಷ್ಟು ಬೆಲೆ ಸಿಕ್ಕಿತೆಂಬುದನ್ನು ಮೀನು ಸಂಸ್ಕರಿಸುವ ಟ್ರೈಡೆಂಟ್ ಸೀಫುಡ್ಸ್ ಕಂಪನಿಯ ಮೇಲೆ ಬಂದ ಉಲ್ಲಂಘನೆಯ ಪ್ರಕರಣ ತೋರಿಸಿತು. ಸರ್ಕಾರದೊಂದಿಗೆ ಮಾಡಿಕೊಂಡ 2011ರ ಒಪ್ಪಂದದಲ್ಲಿ ಕಂಪನಿ 25 ಲಕ್ಷ ಡಾಲರ್ ದಂಡಕ್ಕೂ, ತ್ಯಾಜ್ಯ ನಿಯಂತ್ರಣಕ್ಕೆ 3ರಿಂದ 4 ಕೋಟಿ ಡಾಲರ್ ಹೂಡುವುದಕ್ಕೂ, ನ್ಯಾಕ್‌ನೆಕ್‌ನಲ್ಲಿ ವರ್ಷಕ್ಕೆ ಕನಿಷ್ಠ 3 ಕೋಟಿ ಪೌಂಡ್ ತ್ಯಾಜ್ಯವನ್ನು ಬಳಸಬಲ್ಲ ಮೀನುಹಿಟ್ಟಿನ ಕಾರ್ಖಾನೆ ಕಟ್ಟುವುದಕ್ಕೂ ಒಪ್ಪಿತು. ಸಿಟ್ಕಾ ಬಳಿಯ ಸ್ಟಾರಿಗವಾನ್ ಕೊಲ್ಲಿಯ ತಳದಲ್ಲಿದ್ದ ಸುಮಾರು ಮೂರೂವರೆ ಎಕರೆ ರಾಶಿಯನ್ನು ತೆರವುಗೊಳಿಸುವ ಮಾತು 2018ರ ಇನ್ನೊಂದು ಒಪ್ಪಂದದಲ್ಲಿ ಬಂತು.

ಎಸೆಯುವುದನ್ನೇ ಹಿಟ್ಟು, ಎಣ್ಣೆ ಮಾಡಬಹುದೆಂಬ ಈ ಬದಲಾವಣೆಯನ್ನು ಆಧಾರವಾಗಿಟ್ಟುಕೊಂಡು, 2013ರಲ್ಲಿ ಪರಿಸರ ಸಂಸ್ಥೆಯು ಅಲಾಸ್ಕಾದ ಮಿತಿಗಳನ್ನು ಮರುಪರಿಶೀಲಿಸುವ ಪ್ರಕಟಣೆ ಹೊರಡಿಸಿ ಅಭಿಪ್ರಾಯ ಆಹ್ವಾನಿಸಿತು. ಅದೂ ಹೊಸ ನಿಯಮವಾಗಿ ಹೊರಬರಲಿಲ್ಲ. ಉದ್ಯಮದ ಆಕ್ಷೇಪಣೆಗಳೆಲ್ಲ ನೆಪವಲ್ಲ. ಬ್ರಿಸ್ಟಲ್ ಕೊಲ್ಲಿಯ ಸಾಕೈ ಸಾಲ್ಮನ್ ಜೂನ್-ಜುಲೈಗಳ ಕೆಲವೇ ವಾರಗಳಲ್ಲಿ ಬಂದು ಮುಗಿಯುತ್ತದೆ. ಅಷ್ಟು ದಿನ ಮಾತ್ರ ಓಡುವ ಮೀನುಹಿಟ್ಟಿನ ಕಾರ್ಖಾನೆಯನ್ನು ಸಣ್ಣ ಘಟಕವೊಂದು ಸಾಕಲಾರದು. ತ್ಯಾಜ್ಯವನ್ನು ನೀರಿನಿಂದ ತಪ್ಪಿಸಿದರೆ ಹೊರೆ ಗಾಳಿಗೆ ಬೀಳುವ ಸಾಧ್ಯತೆಯೂ ಇದೆ; ನಮ್ಮ ಕರಾವಳಿಯ ಮೀನೆಣ್ಣೆ ಕಾರ್ಖಾನೆಗಳ ನೆರೆಯಲ್ಲಿರುವವರಿಗೆ ವಾಸನೆಯ ದೂರು ಹೊಸದಲ್ಲ. ಆದರೂ ವರ್ಷದ ಬಹುಭಾಗ ಪೊಲಾಕ್ ಮತ್ತು ಕಾಡ್ ಮೀನುಗಳನ್ನು ಸಂಸ್ಕರಿಸುವ ಬೃಹತ್ ಕಾರ್ಖಾನೆಗೂ ಕೆಲವು ವಾರ ತೆರೆದಿರುವ ಸಣ್ಣ ಘಟಕಕ್ಕೂ ಒಂದೇ ಅರ್ಧ ಇಂಚಿನ ಅಳತೆ ಸಾಲದು. ದೊಡ್ಡ ಘಟಕಗಳಿಗೆ ಉಪೋತ್ಪನ್ನ ತಯಾರಿಕೆಯನ್ನು ಕಡ್ಡಾಯಗೊಳಿಸಿ, ಸಣ್ಣವಕ್ಕೆ ಆಯಾ ಕೊಲ್ಲಿಯ ಪ್ರವಾಹ ಮತ್ತು ಆಳ ನೋಡಿ ತ್ಯಾಜ್ಯದ ಒಟ್ಟು ತೂಕಕ್ಕೆ ಮಿತಿ ಹಾಕುವುದು ತಾಂತ್ರಿಕವಾಗಿ ಇಂದು ಸಾಧ್ಯವಿದೆ.