ಸೀನಿಯರ್ ಫೋಟೊಗೆ ಹೊಸ ಬಟ್ಟೆ ಬೇಡ

ಒಂದು ಆಗಸ್ಟ್ ಸಂಜೆ ಹುಡುಗಿಯೊಬ್ಬಳು ಫೋಟೊ ತೆಗೆಸಿಕೊಳ್ಳಲು ಬಂದಳು. ಬಟ್ಟೆ, ತಲೆ ಎಲ್ಲ ಅಚ್ಚುಕಟ್ಟು. ಕ್ಯಾಮೆರಾದಲ್ಲಿ ನೋಡಿದರೆ ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ. ಕಿವಿಯ ಅಂಚಿನಲ್ಲಿ, ಹುಬ್ಬಿನ ಬುಡದಲ್ಲಿ ಹಳದಿ ಗೆರೆ. ಕೇಳಿದರೆ, ಊರಿಂದ ಬಂದಿದ್ದ ಅಜ್ಜಿ ಬೆಳಿಗ್ಗೆ ಕಡಲೆಹಿಟ್ಟಿಗೆ ಅರಿಶಿನ ಕಲಸಿ ಹಚ್ಚಿದ್ದರಂತೆ. ಫೋಟೊದಲ್ಲಿ ಮುಖಕ್ಕೆ ಕಳೆ ಬರಲಿ ಅಂತ. ಅಜ್ಜಿಯನ್ನು ಅನ್ನೋಕೆ ಮನಸ್ಸು ಬರುತ್ತಾ? ಆದರೆ ಸಂಜೆ ಬಿಸಿಲು ಮೊದಲೇ ಹಳದಿ. ಅದರ ಜೊತೆ ಅರಿಶಿನವೂ ಸೇರಿತು. ಆಮೇಲೆ ಒಂದೊಂದು ಫೋಟೊದಲ್ಲೂ ಮುಖ ಮತ್ತು ಕತ್ತಿನ ಬಣ್ಣ ಹೊಂದಿಸುತ್ತಾ ನಾನು ಎರಡು ರಾತ್ರಿ ಕೂತೆ.

ನಾನು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಬೇ ಏರಿಯಾದಲ್ಲಿ ಫೋಟೊಗ್ರಾಫರ್. ಬೇಸಿಗೆ ರಜೆ ಶುರುವಾದರೆ ಹೈಸ್ಕೂಲಿನ ಕೊನೆ ವರ್ಷಕ್ಕೆ ಹೋಗುವ ಮಕ್ಕಳ ಸೀನಿಯರ್ ಪೋರ್ಟ್ರೇಟ್, ಅಂದರೆ ಆ ವರ್ಷದ ನೆನಪಿನ ಫೋಟೊ ತೆಗೆಯುವ ಕೆಲಸವೂ ಶುರು. ನಮ್ಮ ಲೆಕ್ಕದಲ್ಲಿ ಸೆಕೆಂಡ್ ಪಿಯುಸಿ. ನಾವು ಆ ವಯಸ್ಸಲ್ಲಿ ಹಾಲ್ ಟಿಕೆಟ್ಟಿಗೆ ಫೋಟೊ ಬೇಕು ಅಂತ ಸ್ಟುಡಿಯೋಗೆ ಹೋಗಿ, ಪರದೆ ಮುಂದೆ ಸ್ಟೂಲ್ ಮೇಲೆ ಕೂತು, "ಗದ್ದ ಸ್ವಲ್ಪ ಕೆಳಗೆ" ಅಂತ ಹೇಳಿಸಿಕೊಂಡು ಬಂದವರು. ಹಾಗಾಗಿ ಇಲ್ಲಿನ ಕನ್ನಡದ ಅಪ್ಪ ಅಮ್ಮ ಮೊದಲು ಕೇಳುವುದೇ, "ಒಂದು ಫೋಟೊಗೆ ಇಷ್ಟೆಲ್ಲ ಯಾಕೆ?" ಒಪ್ಪಿಕೊಂಡ ಮೇಲೆ ಮಾತ್ರ ಮದುವೆ ಮನೆ ತಯಾರಿ. ಹೊಸ ಬಟ್ಟೆ, ಹೊಸ ಶೂ, ಹಿಂದಿನ ದಿನ ಹೊಸ ಹೇರ್‌ಕಟ್. ಹಬ್ಬಕ್ಕೆ ಹೊಸದು ಚೆಂದ. ಕ್ಯಾಮೆರಾಗೆ ಹೊಸದು ಆಗಿಬರುವುದಿಲ್ಲ. ಆ ದಿನ ಯಾವುದನ್ನೂ ಮೊದಲ ಸಲ ಮಾಡಬೇಡಿ ಅನ್ನುವುದೇ ನನ್ನ ಮುಖ್ಯ ಸಲಹೆ.

ಒಂದು ಗೊಂದಲ ಮೊದಲು ಬಗೆಹರಿಸಿಬಿಡೋಣ. ಸೀನಿಯರ್ ಫೋಟೊ ಅಂದರೆ ಎರಡು. ಒಂದು ಶಾಲೆಯ ಇಯರ್‌ಬುಕ್‌ಗೆ, ಅಂದರೆ ಆ ವರ್ಷದ ಮಕ್ಕಳ ಫೋಟೊಗಳಿರುವ ಪುಸ್ತಕಕ್ಕೆ. ಅದನ್ನು ಶಾಲೆ ಗೊತ್ತುಮಾಡಿದ ಸ್ಟುಡಿಯೋದವರು ತೆಗೆಯುತ್ತಾರೆ. ಅನೇಕ ಶಾಲೆಗಳಲ್ಲಿ ಅದಕ್ಕೆ ಒಂದೇ ಥರದ ಉಡುಪು: ಹುಡುಗಿಯರಿಗೆ ಭುಜದ ಕೆಳಗೆ ಸುತ್ತುವ ಕಪ್ಪು ಬಟ್ಟೆ, ಅದಕ್ಕೆ ಡ್ರೇಪ್ ಅನ್ನುತ್ತಾರೆ; ಹುಡುಗರಿಗೆ ಕೋಟು, ಬೋ ಟೈ. ಎರಡೂ ಸಾಮಾನ್ಯವಾಗಿ ಸ್ಟುಡಿಯೋದವರ ಹತ್ತಿರವೇ ಇರುತ್ತವೆ. "ಭುಜ ಪೂರ್ತಿ ಬರಿದೇ?" ಅಂತ ಗಾಬರಿಯಾದ ಅಮ್ಮಂದಿರು ನನಗೆ ಫೋನ್ ಮಾಡಿದ್ದಾರೆ. ಅದು ಇಲ್ಲಿನ ಹಳೇ ರೂಢಿ. ಡ್ರೇಪ್ ಬೇಕೋ ಕೋಟು ಬೇಕೋ ಅನ್ನುವುದನ್ನು ಮಕ್ಕಳಿಗೇ ಬಿಡುವ ಶಾಲೆಗಳೂ ಈಗ ಇವೆ. ಮುಜುಗರ ಇದ್ದರೆ ಶಾಲೆಗೆ ಒಂದು ಇಮೇಲ್ ಹಾಕಿ ಕೇಳಿ. ಕೊನೆ ದಿನಾಂಕವನ್ನೂ ಕೇಳಿ, ತಪ್ಪಿದರೆ ಪುಸ್ತಕದಲ್ಲಿ ಮಗುವಿನ ಹೆಸರಿದ್ದೂ ಫೋಟೊ ಇರುವುದಿಲ್ಲ. ಎರಡನೆಯದು ನೀವೇ ದುಡ್ಡು ಕೊಟ್ಟು ತೆಗೆಸುವುದು. ಮನೆ ಗೋಡೆಗೆ, ಗ್ರ್ಯಾಜುಯೇಶನ್ ಕಾರ್ಡಿಗೆ, ಊರಲ್ಲಿರುವ ತಾತನಿಗೆ. ನಾನು ಮಾತಾಡುತ್ತಿರುವುದು ಇದರ ಬಗ್ಗೆ.

ಯಾವಾಗ ತೆಗೆಸಬೇಕು? ನನ್ನ ಉತ್ತರ ಆಗಸ್ಟ್. ಅನೇಕ ಕಾಲೇಜುಗಳಿಗೆ ಮುಂಚಿತವಾಗಿ ಹಾಕುವ ಅರ್ಲಿ ಅರ್ಜಿಗೆ ನವೆಂಬರ್ 1 ಕೊನೆ ದಿನ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿ ಮುಗಿಯುವುದು ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ. ಅಕ್ಟೋಬರಿನಲ್ಲಿ ಬರುವ ಮಕ್ಕಳ ಕಣ್ಣ ಕೆಳಗೆ ಕಪ್ಪು ಇರುತ್ತದೆ, ತಲೆಯಲ್ಲಿ ಅರ್ಜಿಗೆ ಬರೆಯಬೇಕಾದ ಪ್ರಬಂಧ ಓಡುತ್ತಿರುತ್ತದೆ. ಬೆಳಕಿನ ಲೆಕ್ಕವೂ ಇದೆ. ಆಗಸ್ಟ್ ಮಧ್ಯದಲ್ಲಿ ಸ್ಯಾನ್ ಹೋಸೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 8ಕ್ಕೆ. ನವೆಂಬರ್ ಮೊದಲ ಭಾನುವಾರ ಚಳಿಗಾಲಕ್ಕೆಂದು ಇಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ಇಟ್ಟ ಮೇಲೆ 5 ದಾಟುತ್ತಿದ್ದಂತೆ ಮುಳುಗಿಬಿಡುತ್ತಾನೆ. ಶಾಲೆ ಮುಗಿಸಿ ಬಟ್ಟೆ ಬದಲಿಸುವಷ್ಟರಲ್ಲಿ ಬೆಳಕೇ ಇಲ್ಲ. ಹಸಿರು ಗುಡ್ಡ ಹಿಂದೆ ಬೇಕು ಅಂದರೆ ಫೆಬ್ರವರಿ, ಮಾರ್ಚ್‌ವರೆಗೆ ಕಾಯಿರಿ. ಬೇಸಿಗೆಯಲ್ಲಿ ಇಲ್ಲಿನ ಗುಡ್ಡವೆಲ್ಲ ಒಣಹುಲ್ಲು. ಸಮುದ್ರ ಬೇಕು ಅಂದರೆ ಸೆಪ್ಟೆಂಬರ್ ಒಳ್ಳೆಯದು. ಜುಲೈಯಲ್ಲಿ ಹಾಫ್ ಮೂನ್ ಬೇ ಕಡಲತೀರಕ್ಕೆ ಹೋಗಿ ಮಂಜಿನಲ್ಲಿ ಹಲ್ಲು ಕಟಕಟಿಸುತ್ತಾ ನಿಂತ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಬಟ್ಟೆ. ಸೀರೆ ಉಡಿಸಬೇಕು ಅನ್ನುವ ಆಸೆ ಸಹಜ. ಅಮ್ಮನ ಮೈಸೂರು ಸಿಲ್ಕ್ ಮಗಳ ಮೈಮೇಲೆ ಮೊದಲ ಸಲ ಬಂದಾಗ ಅಮ್ಮನ ಮುಖ ನೋಡಬೇಕು, ಅದರದ್ದೇ ಒಂದು ಫೋಟೊ ತೆಗೆಯಬಹುದು. ತೊಂದರೆ ಸೀರೆಯದ್ದಲ್ಲ, ಬ್ಲೌಸಿನದ್ದು. ಹೋದ ವರ್ಷ ಊರಲ್ಲಿ ಹೊಲಿಸಿ ತಂದ ಬ್ಲೌಸ್ ಪೆಟ್ಟಿಗೆಯಲ್ಲೇ ಇರುತ್ತದೆ. ಮಗು ಅಷ್ಟರಲ್ಲಿ ಬೆಳೆದಿರುತ್ತದೆ. ಪಾರ್ಕಿನ ಕಾರ್ ಹಿಂದೆ ನಿಂತು ಹುಕ್ಕು ಹಾಕಲಾಗದೆ, ಸೇಫ್ಟಿ ಪಿನ್ ಚುಚ್ಚಿ, ಮುಕ್ಕಾಲು ಗಂಟೆ ಒಳ್ಳೇ ಬೆಳಕು ಹೋಯಿತು ಒಂದು ಸಲ. ಆ ಹುಡುಗಿ ಸಂಜೆಯಿಡೀ ಕೈ ಮೇಲೆತ್ತಲಿಲ್ಲ, ಹೊಲಿಗೆ ಬಿಡುತ್ತೆ ಅಂತ.

ಅದಕ್ಕೆ ಒಂದು ವಾರ ಮೊದಲೇ ಎಲ್ಲ ಬಟ್ಟೆಯನ್ನೂ ಮನೆಯಲ್ಲಿ ಹಾಕಿ ನೋಡಿ. ಕನ್ನಡಿ ಮುಂದೆ ನಿಂತರೆ ಸಾಲದು. ಚಕ್ಕಂಬಕ್ಕಳ ಹಾಕಿ ಕೂರಲಿ, ಮೆಟ್ಟಿಲು ಹತ್ತಲಿ, ಕೈ ಎತ್ತಲಿ. ಫೋನಿನಲ್ಲಿ ಒಂದೆರಡು ಫೋಟೊ ತೆಗೆಯಿರಿ. ಎಲ್ಲಿ ಬಿಗಿ, ಎಲ್ಲಿ ಸಡಿಲ, ಒಳಬಟ್ಟೆಯ ಪಟ್ಟಿ ಎಲ್ಲಿ ಇಣುಕುತ್ತೆ, ಎಲ್ಲ ಗೊತ್ತಾಗುತ್ತದೆ. ಶೂ ಹೊಸದಾದರೆ ವಾರವಿಡೀ ಹಾಕಿ ಪಳಗಿಸಲಿ. ಹಿಮ್ಮಡಿ ಉರಿಯುತ್ತಿದ್ದರೆ ಅದು ಮುಖದಲ್ಲಿ ಕಾಣುತ್ತದೆ. ಮೊದಲ ಸಲ ಪಂಚೆ ಉಟ್ಟ ಹುಡುಗರ ಕತೆಯೂ ಅಷ್ಟೇ: ಒಂದು ಕೈ ಯಾವಾಗಲೂ ಸೊಂಟದ ಮೇಲೆ. ಬೆಲ್ಟ್ ಕಟ್ಟಿಸಿ, ಮನೆಯಲ್ಲಿ ಎರಡು ದಿನ ಓಡಾಡಿಸಿ.

ಸೀರೆ ಮೊದಲೋ ಕೊನೆಗೋ ಅಂತ ಕೇಳುತ್ತಾರೆ. ಮೊದಲು. ಮನೆಯಲ್ಲೇ ನೆರಿಗೆ ಹಿಡಿದು ಪಿನ್ ಹಾಕಿ ಉಟ್ಟುಕೊಂಡು ಬರಲಿ. ಆಮೇಲೆ ಜೀನ್ಸಿಗೆ ಬದಲಾಯಿಸಿದಾಗ ಮಗುವಿನ ಮೈ ಸಡಿಲವಾಗುತ್ತದೆ, ಅಲ್ಲಿಂದ ಒಳ್ಳೊಳ್ಳೆ ಫೋಟೊ ಬರುತ್ತವೆ. ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣು ಕುಕ್ಕುವ ಗುಲಾಬಿ, ಗಿಳಿ ಹಸಿರು ಬೇಡ. ಆ ಬಣ್ಣ ಗದ್ದದ ಕೆಳಗೆ ಪ್ರತಿಫಲಿಸುತ್ತದೆ. ಒತ್ತೊತ್ತು ಸಣ್ಣ ಗೆರೆಯ ಶರ್ಟು ಬೇಡ, ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕಾಣುತ್ತದೆ. ಇಸ್ತ್ರಿ ಮಾತ್ರ ಮರೆಯಬೇಡಿ. ಎಡಿಟ್ ಮಾಡುವಾಗ ಮುಖದ ಮೇಲಿನ ಮೊಡವೆ ತೆಗೆಯುವುದು ಸುಲಭ, ಬಟ್ಟೆಯ ಸುಕ್ಕು ತೆಗೆಯುವುದು ಹಿಂಸೆ.

ಮುಖಕ್ಕೂ ಅದೇ ಮಾತು. ಹೇರ್‌ಕಟ್ ಒಂದು ವಾರ, ಹತ್ತು ದಿನ ಮುಂಚೆ. ಐಬ್ರೋ ಥ್ರೆಡ್ಡಿಂಗ್ ಮೂರ್ನಾಲ್ಕು ದಿನ ಮುಂಚೆ, ಕೆಂಪು ಇಳಿಯಬೇಕಲ್ಲ. ಹೊಸ ಕ್ರೀಮು, ಹೊಸ ಫೇಸ್‌ಪ್ಯಾಕ್ ಆ ವಾರ ಮುಟ್ಟಲೇಬೇಡಿ. ದಿನಾ ಕನ್ನಡಕ ಹಾಕುವ ಮಗು ಅಂದೂ ಹಾಕಲಿ, ಇಲ್ಲದಿದ್ದರೆ ಅದು ಬೇರೆ ಯಾರದೋ ಫೋಟೊ ಆಗುತ್ತದೆ. ಆದರೆ ಬಿಸಿಲಿಗೆ ಕಪ್ಪಾಗುವ ಗ್ಲಾಸ್ ಇದ್ದರೆ ಮೊದಲೇ ತಿಳಿಸಿ. ಹೊರಗೆ ಹೋದ ಕೂಡಲೇ ಅದು ಕೂಲಿಂಗ್ ಗ್ಲಾಸ್ ಆಗಿಬಿಡುತ್ತದೆ. ಸಾದಾ ಗ್ಲಾಸಿನ ಹಳೇ ಕನ್ನಡಕ ಇದ್ದರೆ ತನ್ನಿ.

ಎಡಿಟಿಂಗ್‌ನಲ್ಲಿ ನನ್ನ ನಿಯಮ ಇಷ್ಟು. ಎರಡು ವಾರದಲ್ಲಿ ಹೋಗುವಂಥದ್ದನ್ನು ತೆಗೆಯುತ್ತೇನೆ: ಮೊಡವೆ, ಸೊಳ್ಳೆ ಕಚ್ಚಿದ ಗುರುತು. ಮಚ್ಚೆ, ಚಿಕ್ಕಂದಿನಲ್ಲಿ ಬಿದ್ದ ಗಾಯದ ಕಲೆ ಹಾಗೇ ಇರುತ್ತವೆ. "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಅಂದರೆ ಮಾಡುವುದಿಲ್ಲ. ಇದನ್ನು ಕೇಳುವುದು ಯಾವಾಗಲೂ ದೊಡ್ಡವರು, ಅದೂ ಮಗು ಪಕ್ಕದಲ್ಲೇ ನಿಂತಿರುವಾಗ. ನಮ್ಮ ಮೈಬಣ್ಣ ಚೆನ್ನಾಗಿ ಬರಬೇಕು ಅಂದರೆ ಬೆಳಕು ಸರಿಯಾಗಿ ಬೀಳಬೇಕು, ಅದು ನನ್ನ ಕೆಲಸ.

ರೈಲು ಹಳಿ ಮೇಲೆ ಫೋಟೊ ಕೇಳುವ ಮಕ್ಕಳೂ ಇದ್ದಾರೆ. ಅದು ಅತಿಕ್ರಮ ಪ್ರವೇಶ, ಕಾನೂನಿಗೆ ವಿರುದ್ಧ. ರೈಲಿನ ಬೋಗಿ ಹಳಿಯಿಂದ ಆಚೆ ಎರಡೂ ಕಡೆ 3 ಅಡಿಯಷ್ಟು ಚಾಚಿರುತ್ತದೆ, ಪೂರ್ತಿ ನಿಲ್ಲಲು ಒಂದು ಮೈಲಿಗೂ ಜಾಸ್ತಿ ಬೇಕಾಗಬಹುದು. ಈ ವಿಷಯದಲ್ಲಿ ನನ್ನ ಹತ್ತಿರ ಚೌಕಾಶಿ ಇಲ್ಲ.

ದುಡ್ಡು ಕೊಡುವ ಮುಂಚೆ ಎಷ್ಟು ಫೋಟೊ ಕೈಗೆ ಬರುತ್ತವೆ, ಬೇರೆ ಕಡೆ ಪ್ರಿಂಟ್ ಹಾಕಿಸಲು ಅನುಮತಿ ಇದೆಯೇ, ಎರಡನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಮೆರಿಕದಲ್ಲಿ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದೇ, ಕಾಸು ಕೊಟ್ಟವರದ್ದಲ್ಲ.

ಮತ್ತೆ ಯಾರು ಬರಬೇಕು? ಒಬ್ಬರು ಸಾಕು. ಅಮ್ಮ ನನ್ನ ಬೆನ್ನ ಹಿಂದೆ ನಿಂತು "ನಗು ಕಂದಾ, ಸರಿಯಾಗಿ ನಗು" ಅಂದಷ್ಟೂ ಮಗುವಿನ ನಗು ಬಿಗಿದುಕೊಂಡುಬಿಡುತ್ತದೆ. ಮೊದಲ ಹತ್ತು ನಿಮಿಷ ಮನೆಯವರ ಜೊತೆ ತೆಗೆದು, ಆಮೇಲೆ "ನೀವು ಒಂದು ಕಾಫಿ ಕುಡಿದು ಬನ್ನಿ" ಅಂತ ಕಳಿಸುತ್ತೇನೆ.

ಹೀಗೆ ಕಳಿಸಿದ ಒಂದು ಸಂಜೆ ಒಬ್ಬ ಹುಡುಗ ಮೃದಂಗ ತಂದಿದ್ದ. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಅರ್ಧ ಗಂಟೆ ಕೊರಡಿನ ಹಾಗೆ ನಿಂತಿದ್ದ. ಹೊಸ ಕೋಟು ಬೇರೆ. ಕೋಟು ತೆಗೆದಿಡು, ಸುಮ್ನೆ ಕೂತು ನುಡಿಸು ಅಂದೆ. ಎರಡು ಪೆಟ್ಟು ಹಾಕಿದವನೇ ಮುಖ ಸಿಂಡರಿಸಿದ. ಕಾರಿನ ಬಿಸಿಗೆ ಚರ್ಮ ಬಿಗಿದು ಶ್ರುತಿ ಏರಿತ್ತು. ಚೀಲದಿಂದ ಒಂದು ಕಲ್ಲು, ಒಂದು ಮರದ ತುಂಡು ತೆಗೆದು, ಮೃದಂಗವನ್ನು ತೊಡೆ ಮೇಲೆ ಓರೆ ಮಾಡಿ, ಅಂಚನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಶ್ರುತಿ ಇಳಿಸತೊಡಗಿದ. ಕಿವಿ ಚರ್ಮಕ್ಕೆ ತಾಗುವಷ್ಟು ಬಗ್ಗಿದ್ದ. ನಾನಿರುವುದೇ ಮರೆತಿತ್ತು. ಐದು ನಿಮಿಷದಲ್ಲಿ ಅರವತ್ತು ಫೋಟೊ ತೆಗೆದೆ.

ಅವನ ಅಮ್ಮನಿಗೆ ಅವು ಹಿಡಿಸಲಿಲ್ಲ. "ಮುಖವೇ ಕಾಣಲ್ವಲ್ಲ" ಅಂದರು. ಕೋಟು ಹಾಕಿಕೊಂಡು ಕ್ಯಾಮೆರಾ ನೋಡಿದ್ದನ್ನೇ ಹಾಲ್‌ಗೆ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡರು. ಹುಡುಗ ಮಾತ್ರ ರಾತ್ರಿ ಬೇರೆಯಾಗಿ ಮೆಸೇಜ್ ಮಾಡಿದ. ಬಗ್ಗಿ ತಟ್ಟುತ್ತಿರುವ ಫೋಟೊ ಒಂದು ತನಗೆ ಬೇಕು, ಕ್ರಾಪ್ ಮಾಡುವಾಗ ಕಲ್ಲು ಹೋಗದ ಹಾಗೆ ನೋಡಿಕೊಳ್ಳಿ ಅಂಕಲ್ ಅಂತ.